ಬೆಳಗಿನ ಚಳಿಗೆ ಹೊತ್ತಿ, ಇಪ್ಪತ್ತು ನಿಮಿಷಕ್ಕೆ ಆರುವ ಟೈರ್ ಒತ್ತಡದ ದೀಪ: ದೋಷ ದೀಪದ್ದೇ, ಟೈರಿನದೇ?

ಬೆಳಗಿನ ಪಯಣಿಗ:

ಎಲ್ಲರಿಗೂ ನಮಸ್ಕಾರ. ಕಳೆದ ಎರಡು ವಾರಗಳಿಂದ ನನ್ನ ಕಾರು ಪ್ರತಿದಿನ ಬೆಳಿಗ್ಗೆ ಒಂದೇ ಆಟ ಹೂಡುತ್ತಿದೆ. ಹೊರಟು ಎರಡು ಮೂರು ನಿಮಿಷ ಆಗುವಷ್ಟರಲ್ಲಿ, ಕುದುರೆ ಲಾಳದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇಟ್ಟಂತೆ ಕಾಣುವ ಆ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಸುಮಾರು ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಏನೂ ಆಗಿಲ್ಲವೆಂಬಂತೆ ತಾನಾಗಿ ಆರುತ್ತದೆ. ಸಂಜೆ ಮರಳುವಾಗ ಒಂದು ದಿನವೂ ಹೊತ್ತಿಲ್ಲ. ದೀಪ ಮಿನುಗುವುದಿಲ್ಲ, ಸ್ಥಿರವಾಗಿ ಉರಿಯುತ್ತದೆ. ನನ್ನ ಕಾರಿನಲ್ಲಿ ಯಾವ ಚಕ್ರದಲ್ಲಿ ಎಷ್ಟು ಗಾಳಿ ಇದೆ ಎಂಬ ಅಂಕಿ ಕಾಣಿಸುವುದಿಲ್ಲ. ಇರುವುದು ಈ ಒಂದು ದೀಪ ಮಾತ್ರ. ಕಾರಿಗೆ ಏಳು ವರ್ಷವಾಗಿದೆ.

ಮೊನ್ನೆ ಮಧ್ಯಾಹ್ನ ದಾರಿಯಲ್ಲಿ ನಿಲ್ಲಿಸಿ ಗಾಳಿ ನೋಡಿಸಿದೆ. ಮೂರು ಚಕ್ರಗಳಲ್ಲಿ 36ರಿಂದ 37 ಪಿಎಸ್‌ಐ, ಎಡಗಡೆಯ ಹಿಂದಿನ ಚಕ್ರದಲ್ಲಿ 31 ಇತ್ತು. ಚಾಲಕನ ಬಾಗಿಲಿನ ಚೌಕಟ್ಟಿನ ಮೇಲಿರುವ ಚೀಟಿಯಲ್ಲಿ 33 ಎಂದಿದೆ. ಎರಡು ಪಿಎಸ್‌ಐ ಕಡಿಮೆಯಾದದ್ದಕ್ಕೆ ದೀಪ ಹೊತ್ತುವುದಿಲ್ಲವೆಂದು ಗಾಳಿ ತುಂಬುವವರು ಹೇಳಿದರು. ಸೆನ್ಸರ್ ಹಳತಾಗಿದೆ, ದೀಪದ ಮೇಲೊಂದು ಕರಿ ಪಟ್ಟಿ ಅಂಟಿಸಿ ನೆಮ್ಮದಿಯಾಗಿರಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟಿದ್ದಾರೆ. ಪಟ್ಟಿ ಅಂಟಿಸುವ ಮೊದಲು ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಭೌತಶಾಸ್ತ್ರದ ಮೇಷ್ಟ್ರು:

ದಯವಿಟ್ಟು ಪಟ್ಟಿ ಅಂಟಿಸಬೇಡಿ. ನೀವು ಕೊಟ್ಟಿರುವ ಅಂಕಿಗಳಲ್ಲೇ ಉತ್ತರವಿದೆ.

ಚೀಟಿಯಲ್ಲಿರುವ 33 ಎಂಬುದು ತಣ್ಣನೆಯ ಟೈರಿನ ಒತ್ತಡ, ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿದ್ದಾಗ, ಅಥವಾ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡದಿದ್ದಾಗ ಇರಬೇಕಾದದ್ದು. ನೀವು ಅಳೆಸಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ, ಓಡಿ ಬಿಸಿಯಾದ ಟೈರನ್ನು. ಆದ್ದರಿಂದ ಆ 31ನ್ನು 33ರ ಪಕ್ಕದಲ್ಲಿಟ್ಟು ಹೋಲಿಸುವುದೇ ತಪ್ಪು. ಒಂದು ಅಂದಾಜು ಲೆಕ್ಕ ಮಾಡೋಣ. ಗೇಜ್ ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಹೆಚ್ಚಿಗೆ ಇರುವ ಒತ್ತಡವನ್ನು ಮಾತ್ರವಾದ್ದರಿಂದ, ಮೊದಲು ವಾತಾವರಣದ 14.7 ಪಿಎಸ್‌ಐ ಸೇರಿಸಬೇಕು: 31ಕ್ಕೆ ಅದು ಸೇರಿದರೆ 45.7. ಟೈರಿನೊಳಗಿನ ಗಾಳಿ ಆಗ 45 ಡಿಗ್ರಿ ಸೆಲ್ಸಿಯಸ್ ಇತ್ತೆಂದುಕೊಳ್ಳಿ, ಅಂದರೆ, ಕೆಲ್ವಿನ್ ಮಾನಕ್ಕೆ ತರಲು 273 ಸೇರಿಸಿದರೆ, 318 ಕೆಲ್ವಿನ್. ಬೆಳಗಿನ ಜಾವ 10 ಡಿಗ್ರಿ, ಅಂದರೆ 283 ಕೆಲ್ವಿನ್. ಗಾತ್ರ ಬದಲಾಗದಿದ್ದರೆ ಒತ್ತಡವು ಕೆಲ್ವಿನ್ ಉಷ್ಣಾಂಶದ ಅನುಪಾತದಲ್ಲೇ ಇಳಿಯುವುದರಿಂದ 45.7 ಎಂಬುದು 40.7ಕ್ಕೆ ಬರುತ್ತದೆ, ಮತ್ತೆ 14.7 ಕಳೆದರೆ ಉಳಿಯುವುದು ಬರೀ 26. ಅಂದರೆ ಬೆಳಿಗ್ಗೆ ನೀವು ಹೊರಡುವಾಗ ಆ ಚಕ್ರದಲ್ಲಿ ಇರಬೇಕಾದುದಕ್ಕಿಂತ ಏಳು ಪಿಎಸ್‌ಐ, ಶೇಕಡಾ 21ರಷ್ಟು, ಕಡಿಮೆ ಗಾಳಿ ಇದೆ. ಓಡುತ್ತ ಟೈರ್ ಬಿಸಿಯಾದಂತೆ ಒತ್ತಡ ಮತ್ತೆ ಏರಿ ಎಚ್ಚರಿಕೆಯ ಗೆರೆ ದಾಟುತ್ತದೆ, ದೀಪ ಆರುತ್ತದೆ. ಗಾಳಿಯ ಕೊರತೆ ಮಾತ್ರ ಹಾಗೆಯೇ ಇರುತ್ತದೆ.

ಉಳಿದ ಮೂರು ಚಕ್ರಗಳನ್ನೂ ಇದೇ ಲೆಕ್ಕಕ್ಕೆ ಹಾಕಿದರೆ ಬೆಳಿಗ್ಗೆ ಸುಮಾರು 31 ಬರುತ್ತದೆ. ಅವೂ ಕೊಂಚ ಕಡಿಮೆಯೇ, ಆದರೆ ದೀಪ ಹೊತ್ತಿಸುವಷ್ಟಲ್ಲ. ಉಷ್ಣಾಂಶ 10 ಡಿಗ್ರಿ ಇಳಿದರೆ ಕಾರಿನ ಟೈರಿನಲ್ಲಿ ಒಂದೂವರೆ ಪಿಎಸ್‌ಐ ಆಚೀಚೆ ಇಳಿಯುತ್ತದೆಂದು ನೆನಪಿಟ್ಟುಕೊಂಡರೆ ಪ್ರತಿ ಸಲ ಇಷ್ಟು ದೊಡ್ಡ ಲೆಕ್ಕ ಬೇಕಾಗುವುದಿಲ್ಲ.

ಸ್ಪ್ಯಾನರ್:

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ಹದಿನೈದು ವರ್ಷಗಳಿಂದ ಟೈರ್ ಕೆಲಸದಲ್ಲಿರುವ ನಾನು ಅದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ.

ಪಯಣಿಗರೇ, ದೀಪ ಸ್ಥಿರವಾಗಿ ಉರಿಯುತ್ತದೆಂದು ನೀವೇ ಗಮನಿಸಿ ಬರೆದಿರುವುದು ಬಹಳ ಉಪಯೋಗವಾಯಿತು. ಏಕೆಂದರೆ ಈ ದೀಪಕ್ಕೆ ಎರಡು ಭಾಷೆಗಳಿವೆ. ಸ್ಥಿರವಾಗಿ ಉರಿದರೆ ಗಾಳಿ ಕಡಿಮೆಯಾಗಿದೆ ಎಂದರ್ಥ. ಗಾಡಿ ಚಾಲೂ ಮಾಡಿದ ಮೇಲೆ ಒಂದರಿಂದ ಒಂದೂವರೆ ನಿಮಿಷ ಮಿನುಗಿ, ಆಮೇಲೆ ಸ್ಥಿರವಾಗಿ ನಿಂತರೆ ವ್ಯವಸ್ಥೆಯಲ್ಲೇ ದೋಷವಿದೆ ಎಂದರ್ಥ: ಒಂದು ಸೆನ್ಸರಿನ ಬ್ಯಾಟರಿ ಮುಗಿದಿರಬಹುದು, ಟೈರ್ ಬದಲಿಸುವಾಗ ಸೆನ್ಸರ್ ಮುರಿದಿರಬಹುದು, ಅಥವಾ ಸೆನ್ಸರ್ ಇಲ್ಲದ ಸ್ಟೆಪ್ನಿಯನ್ನು ಹಾಕಿಕೊಂಡು ಓಡಿಸುತ್ತಿರಬಹುದು. ಈ ವ್ಯತ್ಯಾಸ ಗೊತ್ತಿಲ್ಲದೆ, ಮಿನುಗುವ ದೀಪಕ್ಕೆ ಗಾಳಿ ತುಂಬಿಸಿ ತುಂಬಿಸಿ ಸುಸ್ತಾದವರನ್ನೂ, ಸ್ಥಿರ ದೀಪಕ್ಕೆ ನಾಲ್ಕು ಹೊಸ ಸೆನ್ಸರ್ ಹಾಕಿಸಿಕೊಂಡವರನ್ನೂ ನಾನು ನೋಡಿದ್ದೇನೆ.

ನಿಮ್ಮದು ಯಾವ ಬಗೆಯ ವ್ಯವಸ್ಥೆ ಎಂಬುದನ್ನೂ ತಿಳಿದುಕೊಳ್ಳಿ. ನೇರ ಬಗೆಯಲ್ಲಿ ಪ್ರತಿ ಚಕ್ರದೊಳಗೆ, ಸಾಮಾನ್ಯವಾಗಿ ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ, ಒತ್ತಡವನ್ನೂ ಉಷ್ಣಾಂಶವನ್ನೂ ಅಳೆಯುವ ಸೆನ್ಸರ್ ಇದ್ದು, ಅದು 315 ಅಥವಾ 433 ಮೆಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಕಾರಿಗೆ ಸುದ್ದಿ ಕಳಿಸುತ್ತದೆ. ಪರೋಕ್ಷ ಬಗೆಯಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಟೈರಿನ ಉರುಳುವ ಸುತ್ತಳತೆ ಸ್ವಲ್ಪ ಕುಗ್ಗುವುದರಿಂದ ಅದು ಉಳಿದವುಗಳಿಗಿಂತ ವೇಗವಾಗಿ ತಿರುಗುತ್ತದೆ. ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಬ್ರೇಕಿಗಾಗಿ ಮೊದಲೇ ಇರುವ ಚಕ್ರವೇಗದ ಸೆನ್ಸರ್‌ಗಳು ಆ ವ್ಯತ್ಯಾಸವನ್ನು ಹಿಡಿಯುತ್ತವೆ. ಹೊರಗೆ ಲೋಹದ ವಾಲ್ವ್ ಮತ್ತು ಅದರ ಬುಡದಲ್ಲಿ ನಟ್ ಕಂಡರೆ ಬಹುಮಟ್ಟಿಗೆ ನೇರ ಬಗೆ. ಆದರೆ ರಬ್ಬರ್ ವಾಲ್ವ್ ಕಂಡ ಮಾತ್ರಕ್ಕೆ ಒಳಗೆ ಸೆನ್ಸರ್ ಇಲ್ಲವೆಂದು ತೀರ್ಮಾನಿಸಬೇಡಿ, ರಬ್ಬರ್ ವಾಲ್ವಿಗೆ ಕೂಡಿಸುವ ಸೆನ್ಸರ್‌ಗಳೂ ಇವೆ. ಕಾರಿನೊಂದಿಗೆ ಬಂದ ಕೈಪಿಡಿಯನ್ನು ನೋಡುವುದೇ ಉತ್ತಮ.

ಗಾಳಿಗೋಪುರ:

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದಾದರೆ ವ್ಯವಸ್ಥೆ ಇದ್ದು ಪ್ರಯೋಜನವೇನು? ನನ್ನ ಕಾರಿನಲ್ಲಿ ನಾಲ್ಕು ವರ್ಷಗಳಿಂದ ಆ ದೀಪ ಹೊತ್ತಿಯೇ ಇಲ್ಲ, ನಾನೂ ಗಾಳಿ ನೋಡಿಸುವ ಗೋಜಿಗೆ ಹೋಗಿಲ್ಲ. ನೋಡುವ ಕೆಲಸವನ್ನು ಯಂತ್ರಕ್ಕೆ ವಹಿಸಿದ ಮೇಲೆ ಮತ್ತೆ ನಾವೇಕೆ ಗೇಜ್ ಹಿಡಿದು ಬಗ್ಗಬೇಕು?

ಹಳೆಯ ಚಾಲಕ:

ಗಾಳಿಗೋಪುರ ಅವರೇ, ನಿಮ್ಮ ಹೆಸರಿಗೆ ತಕ್ಕ ನಂಬಿಕೆ ಇದು. ಬೇಸರಿಸಿಕೊಳ್ಳಬೇಡಿ, ಇದೇ ನಂಬಿಕೆ ನನಗೂ ಇತ್ತು.

ಈ ದೀಪ ಯಾವಾಗ ಹೊತ್ತಬೇಕೆಂದು ಕಾನೂನು ಏನು ಹೇಳುತ್ತದೆ ನೋಡಿ. ಕಾರಿನಲ್ಲಿ ಇಂಥ ವ್ಯವಸ್ಥೆ ಮೊದಲು ಬಂದದ್ದು 1986ರಲ್ಲಿ, ಪೋರ್ಷೆ 959ರಲ್ಲಿ. ಆಗ ಅದು ಸಿರಿವಂತರ ಗಾಡಿಯ ಸೊಬಗು. ಅದು ಕಡ್ಡಾಯವಾಗುವ ದಾರಿ ತೆರೆದದ್ದು ಅಮೆರಿಕದಲ್ಲಿ ಟೈರಿನ ಮೇಲ್ಪದರ ಕಳಚಿ ಕಾರುಗಳು ಮಗುಚಿದ ಸರಣಿ ಅಪಘಾತಗಳ ನಂತರ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು, ಅದೇ ನವೆಂಬರಿನಲ್ಲಿ ವಾಹನ ಸುರಕ್ಷತೆಯ ಟ್ರೆಡ್ ಕಾಯ್ದೆ ಬಂತು, ಅದರ ಮೇರೆಗೆ 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಲಘು ವಾಹನಗಳಿಗೂ ಇದು ಕಡ್ಡಾಯವಾಯಿತು. ಆ ನಿಯಮದ ಪ್ರಕಾರ ಒತ್ತಡವು ಶಿಫಾರಸಿಗಿಂತ ಶೇಕಡಾ 25ರಷ್ಟು ಇಳಿದಾಗ, ಇಪ್ಪತ್ತು ನಿಮಿಷದೊಳಗೆ ದೀಪ ಹೊತ್ತಿದರೆ ಸಾಕು. ಹೊಸ ಮಾದರಿಗಳಿಗೆ 2012ರ ನವೆಂಬರಿನಿಂದಲೂ ಎಲ್ಲ ಹೊಸ ಕಾರುಗಳಿಗೆ 2014ರ ನವೆಂಬರಿನಿಂದಲೂ ಇದನ್ನು ಕಡ್ಡಾಯ ಮಾಡಿದ ಯುರೋಪಿನ ನಿಯಮ ಇನ್ನಷ್ಟು ಬಿಗಿ: ಒಂದು ಟೈರಿನಲ್ಲಿ ಶೇಕಡಾ 20ರ ಇಳಿಕೆಯಾದರೆ ಹತ್ತು ನಿಮಿಷದೊಳಗೆ, ನಾಲ್ಕೂ ನಿಧಾನವಾಗಿ ಇಳಿಯುತ್ತಿದ್ದರೆ ಒಂದು ಗಂಟೆಯೊಳಗೆ.

ಈಗ ಪಯಣಿಗರ 33ನ್ನೇ ತೆಗೆದುಕೊಳ್ಳಿ. ಶೇಕಡಾ 25ರ ಗೆರೆಯೆಂದರೆ 25 ಪಿಎಸ್‌ಐಗೂ ಕೆಳಗೆ. ಶೇಕಡಾ 20ರದಾದರೆ 26.4. ಹಾಗಾದರೆ 27 ಪಿಎಸ್‌ಐನಲ್ಲಿ ನೀವು ತಿಂಗಳುಗಟ್ಟಲೆ ಓಡಿಸಿದರೂ ದೀಪ ನಿಮ್ಮನ್ನು ಕೇಳುವುದೇ ಇಲ್ಲ. ಅಷ್ಟರಲ್ಲಿ ಟೈರಿನ ಎರಡೂ ಅಂಚುಗಳು ನಡುಭಾಗಕ್ಕಿಂತ ಬೇಗ ಸವೆಯುತ್ತಿರುತ್ತವೆ, ಇಂಧನ ಹೆಚ್ಚು ಉರಿಯುತ್ತಿರುತ್ತದೆ, ಪಕ್ಕದ ಗೋಡೆ ಪ್ರತಿ ಸುತ್ತಿಗೂ ಅತಿಯಾಗಿ ಬಾಗಿ ಬಿಸಿಯಾಗುತ್ತಿರುತ್ತದೆ. ಸರಿಯಾಗಿರುವ ಟೈರಿನಿಂದಲೂ ರಬ್ಬರಿನ ಮೂಲಕವೇ ತಿಂಗಳಿಗೆ ಒಂದು ಪಿಎಸ್‌ಐ ಆಸುಪಾಸು ಸೋರಿಹೋಗುತ್ತದೆ. ನಾಲ್ಕು ವರ್ಷದಲ್ಲಿ ನಿಮ್ಮ ದೀಪ ಒಮ್ಮೆಯೂ ಹೊತ್ತಿಲ್ಲವೆಂದರೆ ಸರ್ವಿಸಿಗೆ ಬಿಟ್ಟಾಗಲೆಲ್ಲ ಯಾರೋ ಪುಣ್ಯಾತ್ಮರು ಗಾಳಿ ತುಂಬುತ್ತಿದ್ದಾರೆ, ಇಲ್ಲವೇ ಆ ದೀಪವೇ ಕೆಲಸ ಮಾಡುತ್ತಿಲ್ಲ. ನಾಳೆ ಗಾಡಿ ಚಾಲೂ ಮಾಡುವ ಮೊದಲು ಕೀಲಿ ತಿರುಗಿಸಿದಾಗ ಬೇರೆ ದೀಪಗಳೊಂದಿಗೆ ಅದೂ ಒಂದೆರಡು ಕ್ಷಣ ಬೆಳಗುತ್ತದೆಯೇ ನೋಡಿ. ಬೆಳಗದಿದ್ದರೆ ದೀಪವೇ ಸತ್ತಿದೆ.

ಸ್ಟೆಪ್ನಿ:

ಪರೋಕ್ಷ ಬಗೆಯ ವ್ಯವಸ್ಥೆ ಇರುವವರಿಗೆ ನನ್ನದೊಂದು ಮೂರ್ಖತನವನ್ನು ಹೇಳಿಕೊಳ್ಳುತ್ತೇನೆ. ದೂರದ ಪ್ರಯಾಣದ ನಡುವೆ ದೀಪ ಹೊತ್ತಿತು. ಇಳಿದು ನೋಡಿದೆ, ಟೈರ್‌ಗಳು ಕಣ್ಣಿಗೆ ಚೆನ್ನಾಗಿಯೇ ಕಂಡವು. ಪರದೆಯ ಮೇಲೆ ಒತ್ತಡ ಹೊಂದಿಸಿ ಎಂಬ ಆಯ್ಕೆ ಇತ್ತು, ಅದನ್ನು ಒತ್ತಿದೆ, ದೀಪ ಆರಿತು, ಸಮಸ್ಯೆ ಬಗೆಹರಿಯಿತೆಂದು ಹೊರಟೆ. ಆ ಗುಂಡಿಯ ಅರ್ಥ ನನಗೆ ತಿಳಿದಿರಲಿಲ್ಲ. ಈಗ ಇರುವ ಸ್ಥಿತಿಯೇ ಸರಿಯಾದ ಸ್ಥಿತಿ, ಇದನ್ನೇ ಅಳತೆಗೋಲಾಗಿ ಇಟ್ಟುಕೋ ಎಂದು ಕಾರಿಗೆ ಹೇಳಿದಂತೆ ಅದು. ಒಂದು ಚಕ್ರದಲ್ಲಿ ಮೊಳೆ ಇತ್ತು. ಸೋರಿದ ಗಾಳಿಯನ್ನೇ ಸರಿಯೆಂದು ಕಲಿತ ಕಾರು ಮುಂದಿನ ಎಂಬತ್ತು ಕಿಲೋಮೀಟರ್ ಸುಮ್ಮನಿತ್ತು. ಎರಡನೆಯ ಸಲ ಅದು ಎಚ್ಚರಿಸುವ ಹೊತ್ತಿಗೆ ಟೈರಿನ ಪಕ್ಕದ ಗೋಡೆ ಒಳಗಿಂದ ಉಜ್ಜಿ ಪುಡಿಯಾಗಿತ್ತು. ಪಂಕ್ಚರ್ ಹಾಕಿ ಮುಗಿಯಬೇಕಾದದ್ದು ಹೊಸ ಟೈರಿಗೆ ಬಂದು ನಿಂತಿತು.

ಆದ್ದರಿಂದ ಆ ಗುಂಡಿಯನ್ನು ಒತ್ತಬೇಕಾದದ್ದು ನಾಲ್ಕೂ ಟೈರ್‌ಗಳಿಗೆ ತಣ್ಣಗಿರುವಾಗ ಚೀಟಿಯಲ್ಲಿದ್ದಷ್ಟು ಗಾಳಿ ತುಂಬಿಸಿದ ನಂತರ ಮಾತ್ರ. ಟೈರ್ ಬದಲಿಸಿದಾಗ, ಹಿಂದಿನದನ್ನು ಮುಂದಕ್ಕೆ ಹಾಕಿದಾಗಲೂ ಹಾಗೆಯೇ ಮಾಡಬೇಕು. ನಾಲ್ಕೂ ಟೈರ್‌ಗಳು ಸಮನಾಗಿ ಇಳಿದರೆ ಚಕ್ರಗಳ ವೇಗವನ್ನಷ್ಟೇ ಹೋಲಿಸುವ ಹಳೆಯ ಪರೋಕ್ಷ ವ್ಯವಸ್ಥೆಗಳಿಗೆ ಗೊತ್ತೇ ಆಗುವುದಿಲ್ಲವೆಂಬುದೂ ನೆನಪಿರಲಿ, ಹೋಲಿಸಲು ಸರಿಯಾದ ಚಕ್ರ ಒಂದಾದರೂ ಬೇಕಲ್ಲ. ಹೊಸ ವ್ಯವಸ್ಥೆಗಳು ಚಕ್ರದ ಕಂಪನವನ್ನೂ ಗಮನಿಸಿ ಈ ಕೊರತೆಯನ್ನು ತುಂಬಿಕೊಂಡಿವೆ.

ಗಾಳಿಗೋಪುರ:

ಹಳೆಯ ಚಾಲಕರೇ, ಕೀಲಿ ತಿರುಗಿಸಿ ನೋಡಿದೆ, ದೀಪ ಬೆಳಗಿ ಆರಿತು. ಹಾಗಾಗಿ ಪುಣ್ಯಾತ್ಮರ ವಾದವನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನನ್ನದೊಂದು ಪ್ರಶ್ನೆ ಉಳಿದಿದೆ. ಕಳೆದ ತಿಂಗಳು ಎರಡು ಸಾವಿರ ಮೀಟರ್ ಎತ್ತರದ ಬೆಟ್ಟಕ್ಕೆ ಹೋಗಿದ್ದಾಗ ಸ್ನೇಹಿತರ ಕಾರಿನ ಪರದೆ ಎರಡು ಪಿಎಸ್‌ಐ ಕಡಿಮೆಯಾಗಿದೆ ಎಂದಿತು, ಅದೇ ಚಕ್ರಕ್ಕೆ ಕೈಗೇಜ್ ಹಿಡಿದರೆ ಹೊರಟಾಗ ಇದ್ದಷ್ಟೇ ಇತ್ತು. ಎರಡರಲ್ಲಿ ಯಾವುದೋ ಒಂದು ಸುಳ್ಳು ಹೇಳುತ್ತಿತ್ತು ಎಂದುಕೊಂಡೆವು.

ಭೌತಶಾಸ್ತ್ರದ ಮೇಷ್ಟ್ರು:

ಎರಡೂ ನಿಜವನ್ನೇ ಹೇಳುತ್ತಿರಬಹುದು, ಮತ್ತು ಈ ಚರ್ಚೆಯಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಪ್ರಶ್ನೆ ಇದು. ಕೈಗೇಜ್ ಅಳೆಯುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ಅಂತರವನ್ನು. ಎರಡು ಸಾವಿರ ಮೀಟರ್ ಮೇಲೆ ಹೋದಾಗ ಹೊರಗಿನ ವಾತಾವರಣದ ಒತ್ತಡ ಸುಮಾರು 3 ಪಿಎಸ್‌ಐ ಕಡಿಮೆಯಾಗುವುದರಿಂದ ಗೇಜಿನ ಅಂಕಿ ಅಷ್ಟು ಏರಬೇಕು. ಆದರೆ ಬೆಟ್ಟದ ಮೇಲೆ ಹನ್ನೆರಡು ಹದಿಮೂರು ಡಿಗ್ರಿ ಹೆಚ್ಚು ತಂಪಿರುವುದರಿಂದ ಒಳಗಿನ ಒತ್ತಡ ಸುಮಾರು 2 ಪಿಎಸ್‌ಐ ಇಳಿಯುತ್ತದೆ. ಏರಿದ್ದೂ ಇಳಿದದ್ದೂ ಹೆಚ್ಚುಕಡಿಮೆ ಸರಿಹೋಗಿ ಗೇಜಿನಲ್ಲಿ ಬದಲಾವಣೆ ಅಷ್ಟಾಗಿ ಕಾಣುವುದಿಲ್ಲ. ಚಕ್ರದೊಳಗಿನ ಸೆನ್ಸರಿಗೆ ಹೊರಗಿನ ಗಾಳಿಯ ಸುದ್ದಿಯೇ ತಿಳಿಯದು. ಅದು ಒಳಗಿನ ಪೂರ್ಣ ಒತ್ತಡವನ್ನು ಅಳೆಯುತ್ತದೆ. ಎತ್ತರಕ್ಕೆ ತಕ್ಕಂತೆ ತಿದ್ದಿಕೊಳ್ಳದ ಕಾರಾದರೆ ಅದರಿಂದ ಸಮುದ್ರಮಟ್ಟದ ಒತ್ತಡವನ್ನೇ ಕಳೆದು ತೋರಿಸುತ್ತದೆ, ಆಗ ತಂಪಿನಿಂದಾದ ಇಳಿಕೆ ಮಾತ್ರ ಪರದೆಯ ಮೇಲೆ ಕಾಣುತ್ತದೆ. ಟೈರಿನ ಆಕಾರವನ್ನು ಹಿಡಿದು ನಿಲ್ಲಿಸುವುದು ಒಳ ಹೊರಗಿನ ಅಂತರವೇ ಆದ್ದರಿಂದ, ಬೆಟ್ಟದ ಮೇಲೆ ನಾನಾದರೆ ಕೈಗೇಜಿನ ಮಾತನ್ನೇ ನಂಬುತ್ತೇನೆ.

ಹಳೆಯ ಚಾಲಕ:

ಗೇಜಿನ ಮಾತು ಬಂದದ್ದರಿಂದ ಒಂದು ಸೂಚನೆ. ಓಡಿ ಬಂದ ಟೈರಿನಲ್ಲಿ 37 ಕಂಡಿತೆಂದು ಗಾಳಿ ಬಿಡಿಸಿ 33ಕ್ಕೆ ಇಳಿಸುವುದು ಅತಿ ಸಾಮಾನ್ಯವಾದ ತಪ್ಪು. ಮರುದಿನ ಬೆಳಿಗ್ಗೆ ಅದು 29ರ ಹತ್ತಿರ ಬರುತ್ತದೆ. ಹಾಗೆಯೇ ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕಿ ಆ ಟೈರ್ ತಾಳಬಲ್ಲ ಗರಿಷ್ಠ ಒತ್ತಡವೇ ಹೊರತು ನಿಮ್ಮ ಕಾರಿಗೆ ತುಂಬಿಸಬೇಕಾದುದಲ್ಲ.

ಬೆಳಗಿನ ಪಯಣಿಗ:

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಕಾರು ಅಲುಗಿಸುವ ಮೊದಲೇ ಸ್ವಂತ ಗೇಜ್ ಹಿಡಿದು ನೋಡಿದೆ. ಮೂರರಲ್ಲಿ 31, ಎಡ ಹಿಂಬದಿಯಲ್ಲಿ 25 ಇತ್ತು. ಮೇಷ್ಟ್ರ ಲೆಕ್ಕಕ್ಕಿಂತ ಒಂದು ಕಡಿಮೆ, ಅಂದರೆ ಮೊನ್ನೆಯಿಂದ ಇನ್ನಷ್ಟು ಸೋರಿದೆ. ಆ ಚಕ್ರವನ್ನು ಸುತ್ತಲೂ ನೋಡಿದೆ, ಮೊಳೆಯೇನೂ ಕಾಣಲಿಲ್ಲ. ವಾಲ್ವ್ ಲೋಹದ್ದು, ಬುಡದಲ್ಲಿ ನಟ್ ಇದೆ. ಆದ್ದರಿಂದ ನೇರ ಬಗೆಯೇ ಇರಬೇಕು. ಕ್ಯಾಪ್ ತೆಗೆಯಲು ಹೋದರೆ ಬರಲೇ ಇಲ್ಲ, ಇಕ್ಕಳ ಹಿಡಿದು ತಿರುಗಿಸಬೇಕಾಯಿತು. ಕ್ಯಾಪಿನೊಳಗೆ ಬಿಳಿಯ ಪುಡಿ ಇದೆ. ಆರು ತಿಂಗಳ ಹಿಂದೆ ಇದೇ ಚಕ್ರಕ್ಕೆ ಒಂದು ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿದ್ದೆ.

ಸ್ಪ್ಯಾನರ್:

ಆ ಬಿಳಿ ಪುಡಿಯೇ ಕಳ್ಳನ ಹೆಜ್ಜೆಗುರುತು. ಸೆನ್ಸರ್ ಇರುವ ಲೋಹದ ವಾಲ್ವ್ ಸಾಮಾನ್ಯವಾಗಿ ಅಲ್ಯೂಮಿನಿಯಂದು. ಅದರೊಳಗೆ ಗಾಳಿ ಹೊರಹೋಗದಂತೆ ತಡೆಯುವ ಪಿನ್ ನಿಕಲ್ ಲೇಪನದ್ದೇ ಆಗಿರಬೇಕು. ಸಾಧಾರಣ ಹಿತ್ತಾಳೆ ಪಿನ್ ಹಾಕಿದರೆ ತೇವ ಸೇರಿದಾಗ ಎರಡು ಲೋಹಗಳ ನಡುವೆ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ತಿಂದುಹೋಗುತ್ತದೆ, ಪಿನ್ ಒಳಗೇ ಕಚ್ಚಿಕೊಳ್ಳುತ್ತದೆ. ಹಿತ್ತಾಳೆಯ ಕ್ಯಾಪಿನಿಂದಲೂ ಇದೇ ತೊಂದರೆ. ನೋಡಲು ಸೊಗಸಾದ ಲೋಹದ ಕ್ಯಾಪ್‌ಗಳ ಮೋಹ ಬಿಟ್ಟು ಒಳಗೆ ರಬ್ಬರ್ ಸೀಲ್ ಇರುವ ಪ್ಲಾಸ್ಟಿಕ್ ಕ್ಯಾಪ್ ಹಾಕಿ.

ಮೊದಲು ಸೋಪಿನ ನೀರನ್ನು ವಾಲ್ವಿನ ಬಾಯಿಗೂ, ನಟ್ಟಿನ ಸುತ್ತಲೂ, ರಿಮ್ಮಿನ ಅಂಚಿಗೂ ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಬಾಯಿಯಲ್ಲಿ ಬಂದರೆ ಪಿನ್ ಬದಲಿಸಿದರೆ ಸಾಕಾಗಬಹುದು. ನಟ್ಟಿನ ಬಳಿ ಬಂದರೆ ಒಳಗಿನ ರಬ್ಬರ್ ಸೀಲ್ ಹೋಗಿದೆ, ಟೈರ್ ಬಿಚ್ಚಲೇಬೇಕು. ನಿಜವಾಗಿ ಟೈರನ್ನು ರಿಮ್ಮಿನಿಂದ ಬಿಚ್ಚಿದಾಗಲೆಲ್ಲ ಸೀಲ್, ನಟ್, ಪಿನ್, ಕ್ಯಾಪ್ ಇಷ್ಟನ್ನೂ ಹೊಸದಾಗಿ ಹಾಕಬೇಕು. ಈ ಸಣ್ಣ ಸಾಮಾನುಗಳ ಕಿಟ್ಟೇ ಸಿಗುತ್ತದೆ. ನಮ್ಮ ಕಸುಬಿನವರೇ ಹಲವರು ಅದನ್ನು ಹಾಕುವುದಿಲ್ಲವೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಟೈರ್ ಬಿಚ್ಚುವ ಮೊದಲೇ ಒಳಗೆ ಸೆನ್ಸರ್ ಇದೆಯೆಂದು ಬಾಯಿಬಿಟ್ಟು ಹೇಳಿ. ಯಂತ್ರದ ಒತ್ತುವ ಭಾಗ ವಾಲ್ವಿನ ಹತ್ತಿರ ಬಿದ್ದರೆ ಸೆನ್ಸರ್ ಪುಡಿಯಾಗುತ್ತದೆ. ಪಂಕ್ಚರ್ ಮುಚ್ಚುವ ದ್ರವವನ್ನು ಒಳಗೆ ಹಾಕಿದ್ದರೂ ಮುಂಚೆಯೇ ತಿಳಿಸಿ, ಏಕೆಂದರೆ ಅದು ಸೆನ್ಸರಿನ ಗಾಳಿಕಿಂಡಿಯನ್ನು ಮುಚ್ಚಿಬಿಡಬಹುದು, ತೊಳೆದು ನೋಡಬೇಕಾಗುತ್ತದೆ.

ಸ್ಟೆಪ್ನಿ:

ಹಳೆಯ ಕಾರಿನಲ್ಲಿ ಈ ವ್ಯವಸ್ಥೆ ಇಲ್ಲದವರು ಕ್ಯಾಪಿನ ಬದಲು ತಿರುಗಿಸಿ ಹಾಕಿಕೊಳ್ಳುವ ಸೆನ್ಸರ್‌ಗಳ ಬಗ್ಗೆ ಏನೆನ್ನುತ್ತೀರಿ?

ಸ್ಪ್ಯಾನರ್:

ಇಲ್ಲದಿರುವುದಕ್ಕಿಂತ ಮೇಲು. ಬ್ಯಾಟರಿಯನ್ನು ನಾವೇ ಬದಲಿಸಬಹುದು, ಟೈರ್ ಬಿಚ್ಚಬೇಕಾಗಿಲ್ಲ. ಆದರೆ ಅವು ವಾಲ್ವಿನ ಪಿನ್ನನ್ನು ಸದಾ ಒತ್ತಿ ತೆರೆದೇ ಇಟ್ಟಿರುತ್ತವೆ, ಆದ್ದರಿಂದ ಸೆನ್ಸರಿನ ಸೀಲ್ ಕೆಟ್ಟರೆ ಗಾಳಿ ಅಲ್ಲಿಂದಲೇ ಸೋರುತ್ತದೆ. ಹಳೆಯ ರಬ್ಬರ್ ವಾಲ್ವಿನ ತುದಿಯಲ್ಲಿ ಆ ಭಾರ ವೇಗವಾಗಿ ತಿರುಗುತ್ತ ವಾಲ್ವಿನ ಬುಡವನ್ನು ಎಳೆಯುತ್ತದೆ. ಬಿರುಕು ಕಂಡ ವಾಲ್ವನ್ನು ಬದಲಿಸದೆ ಅವುಗಳನ್ನು ಹಾಕಬೇಡಿ.

ಬೆಳಗಿನ ಪಯಣಿಗ:

ಸೋಪಿನ ನೀರು ಹಚ್ಚಿದ ಕೂಡಲೇ ವಾಲ್ವಿನ ಬಾಯಿಯಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಅದೃಷ್ಟವಶಾತ್ ಪಿನ್ ಕಚ್ಚಿಕೊಂಡಿರಲಿಲ್ಲ, ಹಿತ್ತಾಳೆಯದೇ ಹಾಕಿದ್ದರು. ನಿಕಲ್ ಲೇಪನದ ಪಿನ್ ಹಾಕಿಸಿ, ಸಂಜೆ ಟೈರ್ ತಣ್ಣಗಾದ ಮೇಲೆ ನಾಲ್ಕಕ್ಕೂ 33 ತುಂಬಿಸಿದೆ. ಕಾರು ಚಾಲೂ ಮಾಡಿದರೆ ದೀಪ ಹಾಗೆಯೇ ಉರಿಯುತ್ತಿತ್ತು, ಎದೆ ಧಸಕ್ಕೆಂದಿತು. ಐದಾರು ನಿಮಿಷ ಓಡಿಸಿದ ಮೇಲೆ ಆರಿತು. ಕಾರಿಗೆ ಏಳು ವರ್ಷವಾಗಿರುವುದರಿಂದ ನಾಲ್ಕೂ ಸೆನ್ಸರ್‌ಗಳನ್ನು ಈಗಲೇ ಬದಲಿಸಿಬಿಡಲೇ?

ಸ್ಪ್ಯಾನರ್:

ದೀಪ ತಡವಾಗಿ ಆರಿದ್ದು ಸಹಜ. ಬ್ಯಾಟರಿ ಉಳಿಸಲು ಸೆನ್ಸರ್‌ಗಳು ನಿಂತ ಗಾಡಿಯಲ್ಲಿ ನಿದ್ದೆ ಮಾಡುತ್ತವೆ, ಚಕ್ರ ಉರುಳಿದ ಮೇಲೆ ಎಚ್ಚೆತ್ತು ಹೊಸ ಸುದ್ದಿ ಕಳಿಸುತ್ತವೆ.

ಈಗಲೇ ಬದಲಿಸುವುದು ಬೇಡ. ಒಳಗಿನ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ, ಮುಚ್ಚಿ ಅಂಟಿಸಿರುವುದರಿಂದ ಅದನ್ನು ಬಿಡಿಯಾಗಿ ಬದಲಿಸಲಾಗದು. ಚಳಿಯ ಬೆಳಿಗ್ಗೆಗಳಲ್ಲಿ ದೀಪ ಮಿನುಗಿ, ಬಿಸಿಲೇರಿದಾಗ ಸರಿಹೋಗತೊಡಗಿದರೆ ಬ್ಯಾಟರಿ ಕ್ಷೀಣಿಸಿದೆ ಎಂದು ತಿಳಿಯಿರಿ. ಒಂದು ಸತ್ತರೆ ಅದೇ ವಯಸ್ಸಿನ ಉಳಿದ ಮೂರೂ ಹಿಂದೆಯೇ ಬರುತ್ತವೆ, ಆದ್ದರಿಂದ ಮುಂದಿನ ಸಲ ಟೈರ್‌ಗಳನ್ನು ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಹಾಕಿಸಿದರೆ ಬಿಚ್ಚುವ ಖರ್ಚು ಉಳಿಯುತ್ತದೆ. ಪ್ರತಿ ಸೆನ್ಸರಿಗೂ ತನ್ನದೇ ಗುರುತಿನ ಸಂಖ್ಯೆ ಇರುವುದರಿಂದ ಹೊಸದನ್ನು ಕಾರಿಗೆ ಪರಿಚಯಿಸಬೇಕು: ಕೆಲವು ಕಾರುಗಳು ಓಡುತ್ತ ತಾವೇ ಕಲಿತುಕೊಳ್ಳುತ್ತವೆ, ಕೆಲವಕ್ಕೆ ಉಪಕರಣ ಹಿಡಿದು ಕಲಿಸಬೇಕು. ಕಲಿಸಿ ಮುಗಿಸಿದ್ದನ್ನು ನೋಡದೆ ಹಣ ಕೊಡಬೇಡಿ.

ಬೆಳಗಿನ ಪಯಣಿಗ:

ಇಂದು ಬೆಳಿಗ್ಗೆ ಹೊರಗೆ 9 ಡಿಗ್ರಿ ಇತ್ತು. ದೀಪ ಹೊತ್ತಲಿಲ್ಲ. ಆದರೂ ಹೊರಡುವ ಮೊದಲೇ ಬಗ್ಗಿ ಗೇಜ್ ಹಿಡಿದಿದ್ದೆ: ನಾಲ್ಕರಲ್ಲೂ 31, ಎಡ ಹಿಂಬದಿಯೂ ಸೇರಿ. ಸಂಜೆ ತುಂಬಿಸಿದ 33 ರಾತ್ರಿಯ ಚಳಿಗೆ ಅಷ್ಟಾಗಿದೆಯೆಂದು ಈಗ ಯಾರನ್ನೂ ಕೇಳದೆ ಗೊತ್ತಾಯಿತು. ನಾಲ್ಕಕ್ಕೂ ಎರಡೆರಡು ಪಿಎಸ್‌ಐ ಸೇರಿಸಿ ಹೊರಟೆ.